ಪ್ರಾಡಕ್ಟ್ ಮ್ಯಾನೇಜರ್ ಕೈಗೆ ಬಾಣಲೆ ಕೊಟ್ರೆ: ಮನೇಲೇ ಕಾಫಿ ಬೀಜ ಹುರಿಯೋದು ಹೇಗೆ, ಅದನ್ನ ಇನ್ನೊಂದು ಕೆಲಸ ಮಾಡ್ಕೊಳ್ದೇ ಇರೋದು ಹೇಗೆ

ನಾನು ಪ್ರಾಡಕ್ಟ್ ಮ್ಯಾನೇಜರ್. ಅಮ್ಮನ್ನ ಯಾರಾದ್ರೂ "ಮಗ ಏನ್ ಕೆಲಸ ಮಾಡ್ತಾನೆ" ಅಂತ ಕೇಳಿದ್ರೆ "ದಿನಾ ಕಂಪ್ಯೂಟರ್ ಮುಂದೆ ಕೂತು ಯಾರ್ಯಾರ್ನೋ ಸಮಾಧಾನ ಮಾಡ್ತಿರ್ತಾನೆ" ಅಂತಾರೆ, ನನ್ ರೆಸ್ಯೂಮೇಲಿ ಬರ್ದಿರೋದಕ್ಕಿಂತ ಅದೇ ಸರಿಯಾಗಿದೆ ಬಿಡಿ. ಆಫೀಸ್ ಬೆಂಗ್ಳೂರಲ್ಲಿ, ನಾನಿರೋದು ಚಿಕ್ಕಮಗಳೂರಲ್ಲಿ, ತಿಂಗಳಿಗೆ ಮೂರ್ನಾಲ್ಕು ದಿನ ಬಸ್ ಹತ್ತಿ ಹೋಗಿ ಮುಖ ತೋರಿಸಿ ಬರ್ತೀನಿ.

ಈ ಕೆಲಸದ ಒಂದು ವಿಚಿತ್ರ ಏನಪ್ಪಾ ಅಂದ್ರೆ ನಾವು ಏನನ್ನೂ ನಮ್ ಕೈಯಾರೆ ಮಾಡಲ್ಲ. ಕೋಡ್ ಬರೆಯೋದು ಎಂಜಿನಿಯರು, ಡಿಸೈನ್ ಮಾಡೋದು ಡಿಸೈನರು, ಮಾರೋದು ಸೇಲ್ಸ್‌ನೋರು. ನಾವು ಡಾಕ್ಯುಮೆಂಟ್ ಬರೀತೀವಿ, ಮಾತಾಡ್ತೀವಿ, ಬೇಡ ಅಂತೀವಿ, ಸರಿ ಹಂಗಾದ್ರೆ ಮುಂದಿನ ಕ್ವಾರ್ಟರ್ ನೋಡೋಣ ಅಂತೀವಿ. ಆರು ತಿಂಗಳು ಒದ್ದಾಡಿ ಒಂದು ಫೀಚರ್ ಹೊರಗೆ ಬರೋ ಹೊತ್ತಿಗೆ ಅದನ್ನ ಕೇಳಿದ ಕಸ್ಟಮರ್ರೇ ಬೇರೆ ಕಂಪನಿಗೆ ಹೋಗಿರ್ತಾನೆ. ಸಂಜೆ ಲ್ಯಾಪ್‌ಟಾಪ್ ಮುಚ್ಚಿದ್ರೆ ಇವತ್ತು ಏನ್ ಮಾಡಿದೆ ಅಂತ ತೋರಿಸೋಕೆ ಕೈಲಿ ಒಂದು ಹಿಡಿ ಕಡ್ಲೇಕಾಯಿ ಸಿಪ್ಪೆನೂ ಇರಲ್ಲ.

ಹಂಗಾಗಿ ನಮ್ಮಂಥೋರಿಗೆ ಹವ್ಯಾಸ ಅಂತ ಒಂದು ಬೇಕು ಅಂದ್ರೆ ಅದು ಕೈಗೆ ಸಿಗೋ ಅಂಥದ್ದಾಗಿರ್ಬೇಕು, ಶುರು ಮಾಡಿದ ಬೆಳಗ್ಗೇನೇ ಮುಗೀಬೇಕು, ಮುಗಿದಿದ್ದು ಕಣ್ಮುಂದೆ ಇರ್ಬೇಕು ಅನ್ನೋದು ನನ್ನ ಲೆಕ್ಕ. ನನಗೆ ಸಿಕ್ಕಿದ್ದು ಕಾಫಿ ಹುರಿಯೋದು. ಚಿಕ್ಕಮಗಳೂರಲ್ಲಿ ಇದ್ಕೊಂಡು ಕಾಫಿ ಹವ್ಯಾಸ ಅಂದ್ರೆ ಸಮುದ್ರದ ಪಕ್ಕ ಕೂತು ಉಪ್ಪು ಕಾಯಿಸ್ದಂಗೆ, ಏನ್ ದೊಡ್ಡ ವಿಷ್ಯ ಅಂತ ಊರೋರು ನಗ್ತಾರೆ, ನಗ್ಲಿ. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ಮುಚ್ಚಿಟ್ಕೊಂಡು ತಂದು ನಮ್ ಗಿರಿ ಮೇಲೆ ಹಾಕಿದ್ರು ಅಂತ ಕಥೆ ಇರೋ ಊರಲ್ಲಿ ಅರ್ಧಕ್ಕರ್ಧ ಜನ ಈಗ ಪ್ಯಾಕೆಟ್ ಪುಡಿ ತರ್ತಾರೆ, ಇನ್ಸ್ಟಂಟ್ ಕುಡಿಯೋರೂ ಇದ್ದಾರೆ, ಹೆಸರು ಹೇಳಲ್ಲ, ನಮ್ಮನೇಲೇ ಒಬ್ರಿದಾರೆ.

ಸರಿ, ಮೊದ್ಲು ಬೀಜ.

ತೋಟದೋರು ಪರಿಚಯ ಇದ್ರೆ ಕೇಳಿ, ಆದ್ರೆ ಸುಮ್ನೆ "ಕಾಫಿ ಬೀಜ ಕೊಡಿ" ಅಂದ್ರೆ ಅವ್ರು ಕೊಡೋದು ಒಂದೋ ಪಾರ್ಚ್‌ಮೆಂಟ್, ಇಲ್ಲಾಂದ್ರೆ ಚೆರಿ. ಹಣ್ಣು ಕಿತ್ತು ಪಲ್ಪರಿಗೆ (ಹಣ್ಣಿನ ಸಿಪ್ಪೆ ಸುಲಿಯೋ ಯಂತ್ರ) ಹಾಕಿ ತೊಳೆದು ಕಣದಲ್ಲಿ ಒಣಗ್ಸಿದ್ರೆ ಪಾರ್ಚ್‌ಮೆಂಟ್, ಅದ್ರ ಮೇಲೆ ಬಿಳೀ ಗರಿಗರಿ ಸಿಪ್ಪೆ ಇರುತ್ತೆ. ಹಣ್ಣನ್ನ ಹಂಗೇ ಇಡಿಯಾಗಿ ಒಣಗ್ಸಿದ್ರೆ ಚೆರಿ, ಅದು ಕಪ್ಪಗೆ ಗಟ್ಟಿಯಾಗಿರುತ್ತೆ. ಎರಡನ್ನೂ ಡೈರೆಕ್ಟಾಗಿ ಹುರಿಯೋಕಾಗಲ್ಲ. ಪಾರ್ಚ್‌ಮೆಂಟ್ ಆದ್ರೆ ಒಂದು ಸೇರಿನಷ್ಟು ಒರಳಿಗೆ ಹಾಕಿ ಒನಕೆಯಲ್ಲಿ ಮೆಲ್ಲಗೆ ಕುಟ್ಟಿ ಮೊರದಲ್ಲಿ ಕೇರಿದ್ರೆ ಸಿಪ್ಪೆ ಹಾರ್ಹೋಗುತ್ತೆ, ಜೋರಾಗಿ ಕುಟ್ಟಿದ್ರೆ ಬೀಜ ಒಡೆಯುತ್ತೆ. ಚೆರಿ ಮಾತ್ರ ಮನೇಲಿ ಕುಟ್ಟೋಕೆ ಹೋಗ್ಬೇಡಿ, ತೋಳು ಬಿದ್ಹೋಗುತ್ತೆ, ಮತ್ತೆ 50 ಕೆಜಿ ಚೆರಿ ಮೂಟೆಗೆ ಸಿಗೋದೇ 26, 28 ಕೆಜಿ ಬೀಜ, ಅದಕ್ಕೇ ವ್ಯಾಪಾರದಲ್ಲಿ ಔಟ್‌ಟರ್ನ್ ಎಷ್ಟು ಅಂತ ಕೇಳೋದು. ಇದೆಲ್ಲ ರಗಳೆ ಬೇಡ ಅಂದ್ರೆ ಕ್ಯೂರಿಂಗ್ ಆಗಿರೋ, ಅಂದ್ರೆ ಸಿಪ್ಪೆ ತೆಗೆದು ರೆಡಿ ಮಾಡಿರೋ ಹಸಿ ಬೀಜ ಕೇಳಿ, ಹಾಸನ ಚಿಕ್ಕಮಗಳೂರು ಎರಡೂ ಕಡೆ ಕಾಫಿ ಪುಡಿ ಅಂಗಡಿಗಳಲ್ಲಿ ಪರಿಚಯ ಮಾಡ್ಕೊಂಡ್ರೆ ಹುರಿಯೋಕ್ ಮುಂಚಿನ ಬೀಜ ಒಂದೆರಡು ಕೆಜಿ ಕೊಡ್ತಾರೆ. ಒಂದು ಕೆಜಿ ಅರೇಬಿಕಾ ಪಿಬಿ, ಒಂದು ಕೆಜಿ ರೋಬಸ್ಟಾ, ಸಾಕು. ಪಿಬಿ ಅಂದ್ರೆ ಪೀಬೆರ್ರಿ, ಹಣ್ಣಲ್ಲಿ ಎರಡು ಬೀಜದ ಬದ್ಲು ಒಂದೇ ಗುಂಡಗೆ ಬೆಳೆದಿರೋದು, ಗುಂಡಗಿರೋದ್ರಿಂದ ಬಾಣಲೇಲಿ ಉರುಳ್ತಾ ಎಲ್ಲಾ ಕಡೆ ಸಮ ಬೇಯುತ್ತೆ, ಕಲಿಯೋರಿಗೆ ಅದೇ ಸುಲಭ. ಚಪ್ಪಟೆ ಬೀಜ ಒಂದ್ ಮಗ್ಗುಲಲ್ಲಿ ಮಲಗಿ ಸೀದ್ಹೋಗುತ್ತೆ.

ತಳಿ ಯಾವ್ದು ಅಂತ ತಲೆ ಕೆಡಿಸ್ಕೋಬೇಡಿ ಮೊದ್ಲಿಗೆ. ನಮ್ ಕಡೆ ಅರೇಬಿಕಾ ಅಂದ್ರೆ ಎಸ್.795, ಚಂದ್ರಗಿರಿ, ಕಾವೇರಿ ಇವೇ ಜಾಸ್ತಿ ಕೇಳಿಬರೋದು, ಬಾಳೆಹೊನ್ನೂರಲ್ಲಿ 1925ರಿಂದ ಇರೋ ಕಾಫಿ ಸಂಶೋಧನಾ ಕೇಂದ್ರದ ಕೆಲಸ ಇದರ ಹಿಂದೆಲ್ಲ ಇದೆ, ಆಮೇಲೆ ಆಸಕ್ತಿ ಬಂದ್ರೆ ಒಂದೊಂದನ್ನೇ ಬೇರೆ ಬೇರೆ ಹುರಿದು ನೋಡಿ. ಈಗ್ಲೇ ಇದಾ ಅದಾ ಅಂತ ಹೋಲಿಸಿ ನೋಡೋ ಎ/ಬಿ ಟೆಸ್ಟ್ ಶುರು ಮಾಡ್ಕೋಬೇಡಿ, ಗೊತ್ತು ನಂಗೆ ನಿಮ್ ಬುದ್ಧಿ.

ಆರಿಸೋದು ಬಹಳ ಮುಖ್ಯ, ಇದನ್ನ ಬಿಟ್ರೆ ಮಿಕ್ಕಿದ್ದೆಲ್ಲ ವೇಸ್ಟ್. ಒಂದು ಅಗಲ ತಟ್ಟೇಲಿ ಬೀಜ ಹರಡ್ಕೊಂಡು ಕಪ್ಪಾಗಿರೋದು, ಒಡೆದಿರೋದು, ಗುಂಡುಸೂಜಿ ಚುಚ್ಚಿದಂಗೆ ತೂತು ಇರೋದು ತೆಗೀರಿ. ತೂತು ಬೆರ್ರಿ ಬೋರರ್ ಹುಳದ್ದು. ಇನ್ನೊಂದು ಇದೆ, ಅದು ಹಸಿ ಬೀಜದಲ್ಲಿ ಕಾಣಲ್ಲ, ಹುರಿದ್ಮೇಲೆ ಗೊತ್ತಾಗುತ್ತೆ: ಎಲ್ಲಾ ಕಂದು ಬಂದಿರುತ್ತೆ, ಹತ್ತು ಹನ್ನೆರಡು ಬೀಜ ಮಾತ್ರ ಪೆಚ್ಚಗೆ ಬೆಳ್ಳಗೆ ಉಳ್ಕೊಂಡಿರುತ್ತೆ, ಅದು ಹಣ್ಣಾಗೋಕ್ ಮುಂಚೆ ಕಾಯಿ ಕಿತ್ತಿರೋದು. ಅದನ್ನೂ ತೆಗೀರಿ, ಇಲ್ಲಾಂದ್ರೆ ಕಾಫೀಲಿ ಹಸಿ ಕಡ್ಲೇಕಾಯಿ ರುಚಿ ಬರುತ್ತೆ. ಈ ಆರಿಸೋ ಕೆಲಸವನ್ನ ನಾನು ಹಿಂದಿನ ರಾತ್ರಿ ಅಪ್ಪನ ಜೊತೆ ಟಿವಿ ಮುಂದೆ ಕೂತು ಮಾಡ್ತೀನಿ. ಅಪ್ಪ ಒಂದೂ ಮಾತಾಡಲ್ಲ, ನಾನೂ ಮಾತಾಡಲ್ಲ, ಆದ್ರೆ ಅರ್ಧ ಗಂಟೆ ಒಟ್ಟಿಗೆ ಕೂತಿರ್ತೀವಿ, ಇದಿಲ್ದಿದ್ರೆ ಅದೂ ಇರ್ತಿರ್ಲಿಲ್ಲ.

ಈಗ ಹುರಿಯೋದು. ದಪ್ಪ ತಳದ ಕಬ್ಬಿಣದ ಬಾಣಲೆ, ಮರದ ಸೌಟು, ಗ್ಯಾಸ್ ಒಲೆ. ನಾನ್‌ಸ್ಟಿಕ್ ಬೇಡ, ಅಷ್ಟು ಬಿಸಿಗೆ ಅದು ಒಳ್ಳೇದಲ್ಲ. ಮಷೀನ್ ತಗೋಬೇಡಿ, ಮೊದಲ ಒಂದು ವರ್ಷ ಖಂಡಿತಾ ಬೇಡ, ನಮ್ ಜನಕ್ಕೆ ಹವ್ಯಾಸ ಅಂದ್ರೆ ಮೊದ್ಲು ಸಾಮಾನು ಆರ್ಡರ್ ಮಾಡೋದು, ಆಮೇಲೆ ಹವ್ಯಾಸ. 150 ಗ್ರಾಂ ಬೀಜ ಅಳೆದು ಇಟ್ಕೊಳ್ಳಿ, ಅದಕ್ಕಿಂತ ಜಾಸ್ತಿ ಹಾಕಿದ್ರೆ ಕೈಯಾಡ್ಸೋಕಾಗಲ್ಲ, ತಳದ್ದು ಕರಿಯಾಗುತ್ತೆ, ಮೇಲಿನದು ಹಸಿ. ಕಿಟಕಿ ಎಲ್ಲಾ ತೆಗೀರಿ. ಸಾಧ್ಯ ಆದ್ರೆ ಹಿತ್ತಲಲ್ಲಿ ಒಲೆ ಇಟ್ಕೊಳ್ಳಿ, ನಾನು ಮೊದಲ ಸಲ ಅಡುಗೆಮನೇಲೇ ಮಾಡಿ ಎಷ್ಟು ಹೊಗೆ ಎಬ್ಬಿಸ್ದೆ ಅಂದ್ರೆ ಪಕ್ಕದ್ಮನೆ ಆಂಟಿ ಬಂದು "ಏನಾದ್ರೂ ಹತ್ಕೊಂಡಿದ್ಯಾ" ಅಂತ ಬಾಗ್ಲು ಬಡಿದ್ರು, ಒಣಗಾಕಿದ್ದ ಬಟ್ಟೆಗೆಲ್ಲ ಮೂರು ದಿನ ಹೋಟ್ಲು ವಾಸನೆ.

ಬಾಣಲೆ ಚೆನ್ನಾಗಿ ಕಾದ್ಮೇಲೆ ಬೀಜ ಹಾಕಿ, ಉರಿ ಮಧ್ಯಮ, ಕೈ ನಿಲ್ಲಿಸ್ಬಾರ್ದು. ಮೊದಲ ನಾಲ್ಕೈದು ನಿಮಿಷ ಏನೂ ಆಗಲ್ಲ ಅನ್ಸುತ್ತೆ, ಹಸಿರಿದ್ದಿದ್ದು ಹಳದಿಗೆ ತಿರುಗುತ್ತೆ, ವಾಸನೆ ಮೊದ್ಲು ಹಸಿ ಹುಲ್ಲಿಂದು, ಆಮೇಲೆ ಹುರಿಗಡಲೆ ಥರ. ಬೀಜದೊಳಗಿನ ನೀರು ಹೋಗ್ತಿರೋ ಹೊತ್ತು ಅದು. ಆಮೇಲೆ ಕಂದು ಶುರುವಾಗುತ್ತೆ, ತೆಳ್ಳಗಿನ ಬೆಳ್ಳಿ ಸಿಪ್ಪೆ ಉದುರಿ ಬಾಣಲೆ ಸುತ್ತ ಹಾರಾಡುತ್ತೆ, ಹುಷಾರು, ಒಲೆ ಉರಿಗೆ ಬಿದ್ರೆ ಚಿಟಿಕೆ ಹೊತ್ತು ಧಗ್ ಅಂತ ಉರಿಯುತ್ತೆ, ಗಾಬ್ರಿ ಬೇಡ, ಒಂದು ಮುಚ್ಚಳ ಪಕ್ಕದಲ್ಲಿಟ್ಕೊಂಡಿರಿ, ಬಾಣಲೆಗೇ ಬೆಂಕಿ ಹತ್ತಿದ್ರೆ ಗ್ಯಾಸ್ ಆಫ್ ಮಾಡಿ ಮುಚ್ಚಿ, ನೀರು ಹಾಕೋಕೆ ಹೋಗ್ಬೇಡಿ.

ಒಂಬತ್ತು ಹತ್ತು ನಿಮಿಷಕ್ಕೆ "ಚಟ್" ಅಂತ ಒಂದು ಶಬ್ದ. ಆಮೇಲೆ ಇನ್ನೊಂದು. ಆಮೇಲೆ ಅರಳು ಹುರಿದಂಗೆ ಚಟಚಟ ಅಂತ ಶುರುವಾಗುತ್ತೆ. ಇದೇ ಫಸ್ಟ್ ಕ್ರ್ಯಾಕ್, ಬೀಜದ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ರ ಬಂದಾಗ ಒಳಗಿನ ಆವಿ ಗ್ಯಾಸು ಒತ್ತಡ ತಡೀಲಾರ್ದೆ ಬೀಜ ಬಿರಿಯೋದು. ಬೀಜ ಉಬ್ಬಿ ದೊಡ್ಡದಾಗುತ್ತೆ, ನಡುವಿನ ಗೀರು ಬಿಚ್ಕೊಳ್ಳುತ್ತೆ. ರೋಬಸ್ಟಾದಲ್ಲಿ ಈ ಶಬ್ದ ಸ್ವಲ್ಪ ಮೆತ್ತಗೆ, ಕಿವಿಗೊಟ್ಟು ಕೇಳ್ಬೇಕು. ಇದು ಮುಗಿದ್ಮೇಲೆ ಒಂದೆರಡು ನಿಮಿಷ ಮೌನ. ಆಮೇಲೆ ಬೇರೆ ಥರದ ಶಬ್ದ, ಸಣ್ಣಗೆ ಚಿರ್ ಚಿರ್ ಅಂತ, ಒಣಗಿದ ತರಗೆಲೆ ಮೇಲೆ ಕಾಲಿಟ್ಟಂಗೆ. ಅದು ಸೆಕೆಂಡ್ ಕ್ರ್ಯಾಕ್, 225 ಡಿಗ್ರಿ ಆಸುಪಾಸು. ಫಿಲ್ಟರ್ ಕಾಫಿಗೆ ನನ್ನ ಪ್ರಕಾರ ಈ ಚಿರ್ ಚಿರ್ ಶುರುವಾಗೋ ಹೊತ್ತಿಗೆ ಇಳಿಸ್ಬೇಕು, ಅದಕ್ಕಿಂತ ಮುಂಚೆ ಇಳಿಸಿದ್ರೆ ಹುಳಿ ಜಾಸ್ತಿ, ಹಾಲು ಹಾಕಿದ್ರೆ ಸರಿ ಹೋಗಲ್ಲ, ಅದು ಕಪ್ಪು ಕಾಫಿ ಕುಡಿಯೋರಿಗೆ. ಇನ್ನೂ ಒಂದು ನಿಮಿಷ ಬಿಟ್ರೆ ಎಣ್ಣೆ ಹೊರಗೆ ಬಂದು ಬೀಜ ಮಿರಮಿರ ಅನ್ನುತ್ತೆ, ನೋಡೋಕೆ ಚೆಂದ, ಕುಡಿಯೋಕೆ ಇದ್ಲು.

ಫೋನ್ ವಿಷ್ಯ ಇಲ್ಲೇ ಹೇಳ್ಬಿಡ್ತೀನಿ. ಒಟ್ಟು ಕೆಲಸ ಹದಿಮೂರು ಹದಿನಾಲ್ಕು ನಿಮಿಷ, ಆದ್ರೆ ಎರಡು ಕ್ರ್ಯಾಕ್ ನಡುವೆ ಇರೋದು ಎರಡು ಮೂರೇ ನಿಮಿಷ, ಅಷ್ಟ್ರಲ್ಲಿ ಒಂದು ಮೆಸೇಜ್ ಓದಿದ್ರೂ ಕಥೆ ಮುಗೀತು. ಒಂದ್ಸಲ ಮೇಲಿನೋರು ಯಾರೋ "ಒಂದೇ ನಿಮಿಷ ಮಾತಾಡ್ಬಹುದಾ" ಅಂತ ಕಾಲ್ ಮಾಡಿದ್ರು, ಸೌಟು ಒಂದ್ ಕೈಲಿ ಫೋನ್ ಒಂದ್ ಕೈಲಿ ಹಿಡ್ಕೊಂಡು ಡೇಟ್ ಮುಂದೆ ಹಾಕೋಕಾಗುತ್ತಾ ಇಲ್ವಾ ಅಂತ ಮಾತಾಡ್ತಾ ಮಾತಾಡ್ತಾ ಪಿಬಿ ಪೂರ್ತಿ ಕರಿ ಮಾಡಿದೆ, ಡೇಟೂ ಮುಂದೆ ಹೋಗ್ಲಿಲ್ಲ. ಅವತ್ತಿಂದ ಹುರಿಯೋವಾಗ ಫೋನ್ ದೇವರ ಮನೇಲಿ ಇರುತ್ತೆ. ನನ್ ಸ್ಟ್ಯಾಂಡ್‌ಅಪ್, ಅಂದ್ರೆ ಟೀಮಿನ ದಿನದ ಮೀಟಿಂಗ್, ಹತ್ತು ಗಂಟೆಗೆ, ಹುರಿಯೋದು ಶನಿವಾರ ಬೆಳಗ್ಗೆ ಏಳಕ್ಕೆ, ವಾರದ ದಿನ ಮಾಡೋಕೆ ಹೋಗೇ ಇಲ್ಲ ಆಮೇಲೆ.

ಇಳಿಸಿದ ತಕ್ಷಣ ತಣ್ಣಗೆ ಮಾಡ್ಬೇಕು, ಬಾಣಲೇಲೇ ಬಿಟ್ರೆ ಅದರ ಬಿಸಿಗೇ ಇನ್ನೂ ಬೇಯ್ತಾ ಹೋಗುತ್ತೆ. ಎರಡು ಸ್ಟೀಲ್ ಜರಡಿ ಇಟ್ಕೊಂಡು ಫ್ಯಾನ್ ಮುಂದೆ ನಿಂತು ಇದರಿಂದ ಅದಕ್ಕೆ ಅದರಿಂದ ಇದಕ್ಕೆ ಸುರೀತಾ ಇರಿ, ಮೂರ್ನಾಲ್ಕು ನಿಮಿಷಕ್ಕೆ ಕೈಯಲ್ಲಿ ಮುಟ್ಟೋ ಹಂಗಾಗುತ್ತೆ, ಸಿಪ್ಪೆನೂ ಹಾರುತ್ತೆ. ಮನೆ ಒಳಗೆ ಮಾಡಿದ್ರೆ ಆ ಸಿಪ್ಪೆ ಗುಡಿಸೋದೇ ಅರ್ಧ ದಿನ, ಅಂಗಳದಲ್ಲಿ ಮಾಡಿ. ಈಗ ತೂಕ ಹಾಕಿ ನೋಡಿ: 150 ಗ್ರಾಂ ಹಾಕಿದ್ದು 125ರ ಹತ್ರ ಬಂದಿರುತ್ತೆ. ತೀರಾ ಕಮ್ಮಿ ಬಂದ್ರೆ ಜಾಸ್ತಿ ಹುರಿದಿದ್ದೀರ ಅಂತ ಅರ್ಥ.

ಆಗಿಂದಾಗ್ಲೇ ಪುಡಿ ಮಾಡಿ ಕುಡಿಯೋಕೆ ಎಲ್ರಿಗೂ ಆಸೆ, ತಡ್ಕೊಳ್ಳಿ. ಹುರಿದ ಬೀಜ ಒಂದೆರಡು ದಿನ ಕಾರ್ಬನ್ ಡೈಆಕ್ಸೈಡ್ ಬಿಡ್ತಾ ಇರುತ್ತೆ, ಗಾಜಿನ ಬಾಟ್ಲಿಗೆ ಹಾಕಿ ಮುಚ್ಚಳ ಸಡಿಲ ಮುಚ್ಚಿಡಿ, ಎರಡ್ ದಿನ ಆದ್ಮೇಲೆ ಬಿಗಿ ಮಾಡಿ. ಶನಿವಾರ ಹುರಿದಿದ್ದು ಸೋಮವಾರ ಬೆಳಗ್ಗೆ ಕುಡಿಯೋದು, ಸೋಮವಾರಕ್ಕೂ ಒಂದು ಒಳ್ಳೆ ಕಾರಣ ಬೇಕಲ್ಲ. ಪುಡಿಗೆ ಮಿಕ್ಸಿ ಸಾಕು, ಒಂದೇ ಸಮ ತಿರುಗಿಸ್ಬೇಡಿ, ಬಿಟ್ಟು ಬಿಟ್ಟು ತಿರುಗಿಸಿ, ಬಿಸಿಯಾದ್ರೆ ವಾಸನೆ ಅಲ್ಲೇ ಹೋಗುತ್ತೆ.

ಡಿಕಾಕ್ಷನ್ ಗೊತ್ತಿಲ್ದೋರು ಈ ಊರಲ್ಲಿ ಇಲ್ಲ, ಆದ್ರೂ ಒಂದು ಮಾತು. ಮನೇಲಿ ಹುರಿದ ಪುಡೀಲಿ ಚಿಕೋರಿ ಇರಲ್ಲ, ಹಂಗಾಗಿ ನೀರು ಬೇಗ ಇಳಿದು ಡಿಕಾಕ್ಷನ್ ತೆಳ್ಳಗಾಗುತ್ತೆ, ಜನ ಇದೇನೋ ಸರಿ ಬಂದಿಲ್ಲ ಅಂತ ಬೇಜಾರಾಗೋದು ಇಲ್ಲೇ. ಚಿಕೋರಿ ನೀರನ್ನ ಹಿಡ್ಕೊಳ್ಳುತ್ತೆ, ನಿಧಾನಕ್ಕೆ ಬಿಡುತ್ತೆ, ಅದಕ್ಕೇ ಅಂಗಡಿ ಪುಡಿ ಗಟ್ಟಿ ಬರೋದು. ಪುಡಿ ಸ್ವಲ್ಪ ನುಣ್ಣಗೆ ಮಾಡಿ, ಮೊದ್ಲು ಎರಡು ಚಮಚ ಬಿಸಿನೀರು ಹಾಕಿ ಅರ್ಧ ನಿಮಿಷ ಬಿಡಿ, ಪುಡಿ ಉಸಿರಾಡ್ದಂಗೆ ಉಬ್ಬುತ್ತೆ, ತಾಜಾ ಹುರಿದಿದ್ದು ಅನ್ನೋಕೆ ಅದೇ ಸಾಕ್ಷಿ, ಹಳೇ ಪ್ಯಾಕೆಟ್ ಪುಡಿ ಹಂಗೆ ಉಬ್ಬಲ್ಲ. ಆಮೇಲೆ ಪೂರ್ತಿ ನೀರು ಹಾಕಿ ಮುಚ್ಚಿ. ಚಿಕೋರಿ ಅಂದ್ರೆ ಮೂಗು ಮುರಿಯೋ ಹೊಸ ಕಾಫಿ ಪಂಡಿತರು ಇದ್ದಾರೆ, ನಾನಂತೂ ನೂರಕ್ಕೆ ಹದಿನೈದು ಚಿಕೋರಿ ಹಾಕ್ತೀನಿ, ಅಜ್ಜಿ ಕಾಲದಿಂದ ನಾಲಿಗೆ ಅದಕ್ಕೆ ಒಗ್ಗಿದೆ, ಅದರಲ್ಲಿ ನಾಚ್ಕೊಳ್ಳೋದೇನಿದೆ.

ಇಷ್ಟು ಹುರಿಯೋ ವಿಷ್ಯ ಆಯ್ತು. ನಿಜವಾದ ಕಷ್ಟ ಇದಲ್ಲ ಮಾರಾಯ್ರೆ, ನಮ್ಮ ತಲೆ.

ನಾನು ಮೂರನೇ ಸಲ ಹುರಿಯೋ ಹೊತ್ತಿಗೆ ಒಂದು ಶೀಟ್ ಮಾಡಿದ್ದೆ. ತಾರೀಕು, ತೂಕ, ಉರಿ, ಫಸ್ಟ್ ಕ್ರ್ಯಾಕ್ ನಿಮಿಷ, ಸೆಕೆಂಡ್ ಕ್ರ್ಯಾಕ್ ನಿಮಿಷ, ಹೊರಗಿನ ಹವೆ, ರುಚಿಗೆ ಹತ್ತಕ್ಕೆ ಎಷ್ಟು, ಹಿಂಗೆ 23 ಕಾಲಂ. ಅಮ್ಮಂಗೆ ಲೋಟ ಕೊಟ್ಟು "ಹತ್ತಕ್ಕೆ ಎಷ್ಟು ಕೊಡ್ತೀಯ" ಅಂದ್ರೆ "ಬಿಸಿ ಇದೆ, ಸುಮ್ನಿರು" ಅಂದ್ರು. ಆಮೇಲೆ ಫ್ರೆಂಡ್ಸಿಗೆ ಒಂದೊಂದು ಪೊಟ್ಟಣ ಕೊಟ್ಟೆ, ಅವ್ರು ಒಳ್ಳೇ ಮನಸ್ಸಿಂದಾನೇ "ಸೂಪರ್ ಮಗಾ, ಬ್ರ್ಯಾಂಡ್ ಮಾಡು" ಅಂದ್ರು. ಅಲ್ಲಿಗೆ ಕೆಟ್ಟೆ. ಆ ರಾತ್ರಿ ಹೆಸರು ಯೋಚ್ನೆ ಮಾಡ್ದೆ, ಲೋಗೋ ಮಾಡ್ದೆ, ಆಹಾರ ಲೈಸೆನ್ಸ್ ಹೇಗೆ ತಗೋಳೋದು ಅಂತ ಓದಿದೆ, ಗ್ರಾಹಕರು ಯಾರು ಯಾರಲ್ಲ ಅಂತ ಎರಡು ಪುಟ ಬರೆದೆ. ಮನೇಲಿದ್ದ ಒಟ್ಟು ಬೀಜ ನಾಲ್ಕು ಕೆಜಿ. ನಾಲ್ಕು ಕೆಜಿಗೆ ಹನ್ನೆರಡು ತಿಂಗಳ ರೋಡ್‌ಮ್ಯಾಪ್. ಆಮೇಲೆ ಏನಾಯ್ತು ಅಂದ್ರೆ ಶನಿವಾರ ಬೆಳಗ್ಗೆ ಬಾಣಲೆ ನೋಡಿದ್ರೆ ಆಫೀಸಿನ ಬ್ಯಾಕ್‌ಲಾಗ್, ಬಾಕಿ ಕೆಲಸದ ಪಟ್ಟಿ, ನೋಡಿದಂಗೆ ಆಗೋಕೆ ಶುರುವಾಯ್ತು, ಎರಡು ತಿಂಗಳು ಒಂದು ಬೀಜನೂ ಹುರೀಲಿಲ್ಲ.

ಮತ್ತೆ ಶುರುವಾಗಿದ್ದು ಮೂಡಿಗೆರೆ ಕಡೆ ಅತ್ತೆ ಮನೇಲಿ. ಡಿಸೆಂಬರ್, ಕಾಫಿ ಕೊಯ್ಲು ನಡೀತಿದ್ದ ಹೊತ್ತು, ಕಣದ ತುಂಬ ಪಾರ್ಚ್‌ಮೆಂಟ್. ಅತ್ತೆ ಮನೆ ಬಳಕೆಗೆ ಸೌದೆ ಒಲೇಲಿ ಹುರೀತಿದ್ರು, ನಾನು ಕೊಡಿ ನಾನ್ ಮಾಡ್ತೀನಿ ಅಂತ ಇಸ್ಕೊಂಡು ಫೋನಲ್ಲಿ ಟೈಮರ್ ಇಟ್ಟೆ. ಅತ್ತೆ ಒಂದು ನಿಮಿಷ ನೋಡಿದ್ರು. "ಅದೇನಾ ಫೋನ್ ನೋಡ್ಕಂಡ್ ಹುರೀತೀಯ, ಮೂಗಿಲ್ವಾ ನಿಂಗೆ?" ಅಂದು ಫೋನ್ ಕಿತ್ಕೊಂಡು ಉಪ್ಪಿನ ಡಬ್ಬಿ ಪಕ್ಕ ಇಟ್ರು. ಅವ್ರು ಯಾವತ್ತೂ ಗಡಿಯಾರ ನೋಡಿದ್ದೇ ಇಲ್ಲ, ಪಕ್ಕದಲ್ಲಿ ಅಕ್ಕಿ ತೊಳೀತಾ ಮೊಮ್ಮಗಳನ್ನ ಬೈತಾ ಇದ್ದೋರು ಸರಿಯಾಗಿ ಆ ಚಿರ್ ಚಿರ್ ಬರೋಕೆ ಒಂದ್ ಗಳಿಗೆ ಮುಂಚೆ "ಈಗ ಇಳಿಸು" ಅಂದ್ರು. ನಾನು ಹೆಂಗ್ ಗೊತ್ತಾಯ್ತು ಅಂತ ಕೇಳ್ದೆ. "ಹೊಗೆ ನೀಲಿ ಆಯ್ತಲ್ಲ" ಅಂದ್ರು. ನಿಜ, ಅಲ್ಲೀವರ್ಗೂ ಬೆಳ್ಳಗಿದ್ದ ಹೊಗೆ ಆ ಹೊತ್ತಿಗೆ ನೀಲಿ ತಿರುಗಿತ್ತು. 23 ಕಾಲಂನಲ್ಲಿ ಹೊಗೆ ಬಣ್ಣ ಇರ್ಲೇ ಇಲ್ಲ.

ಹಂಗಾಗಿ ನನ್ನ ಸಲಹೆ: ಶೀಟ್ ಬೇಡ, ಬಾಟ್ಲಿ ಮೇಲೆ ಒಂದು ಚೀಟಿ ಅಂಟಿಸಿ, ತಾರೀಕು, ಯಾವ ಬೀಜ, ಒಂದು ಸಾಲು. "ಸ್ವಲ್ಪ ಜಾಸ್ತಿ ಆಯ್ತು." "ಅಪ್ಪ ಇನ್ನೊಂದು ಲೋಟ ಕೇಳಿದ್ರು." ಬಾಟ್ಲಿ ಖಾಲಿಯಾದ್ಮೇಲೆ ಚೀಟಿ ಎಸೀರಿ. ಹಿಸ್ಟರಿ ಇಟ್ಕೋಬೇಡಿ, ಇಟ್ಕೊಂಡ್ರೆ ಚಾರ್ಟ್ ಮಾಡ್ತೀರ. ಯಾರಾದ್ರೂ ಬ್ರ್ಯಾಂಡ್ ಮಾಡು ಅಂದ್ರೆ "ಆಯ್ತು ಮಾರಾಯ" ಅಂದು ಇನ್ನೊಂದು ಲೋಟ ಕೊಟ್ಟು ಮಾತು ಬದಲಾಯಿಸಿ. ದುಡ್ಡು ತಗೋಬೇಡಿ, ಬದ್ಲಿಗೆ ನಿಂಬೆಹಣ್ಣೋ ಕಾಳುಮೆಣಸೋ ಕೊಟ್ರೆ ತಗೊಳ್ಳಿ, ನಮ್ ಬೀದೀಲಿ ಹಂಗೇ ನಡೀತಿದೆ.

ಇನ್ನು ಕಾಫಿನೇ ಆಗ್ಬೇಕು ಅಂತೇನಿಲ್ಲ, ಕೆಲವರಿಗೆ ಹೊಗೆ ಆಗಲ್ಲ, ಬಾಡಿಗೆ ಮನೇಲಿ ಓನರ್ ಬಿಡಲ್ಲ. ನನ್ನ ಎರಡನೇ ಹುಚ್ಚು ಭಾನುವಾರದ್ದು, ಅದಕ್ಕೆ ಒಂದು ಪೆನ್ಸಿಲ್ಲು, ಒಂದು ಗೀಟಿಲ್ಲದ ಪುಸ್ತಕ, ಒಂದು ಫ್ಲಾಸ್ಕ್ ಕಾಫಿ ಸಾಕು. ದೇವಸ್ಥಾನದ ಒಂದು ಗೋಡೆ ಮುಂದೆ ಕೂರೋದು.

ಹಾಸನ ಚಿಕ್ಕಮಗಳೂರಲ್ಲಿ ಇರೋರು ಬೇಲೂರು ಹಳೇಬೀಡಿಗೆ ಹೋಗೋದು ನೆಂಟರು ಬಂದಾಗ ಮಾತ್ರ, ಎರಡು ಗಂಟೇಲಿ ಎರಡೂ ಮುಗಿಸಿ ಊಟಕ್ಕೆ ಓಡೋದು. 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ಮೇಲೆ ಜನ ಇನ್ನೂ ಜಾಸ್ತಿ. ನೀವು ಹಂಗೆ ಹೋಗ್ಬೇಡಿ. ರೂಲ್ ಒಂದೇ: ಒಂದ್ಸಲಕ್ಕೆ ಒಂದು ಗೋಡೆ, ಅದೂ ಹತ್ತು ಅಡಿ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಬುಡದಿಂದ ಶುರು ಮಾಡಿ, ಎಲ್ಲಕ್ಕಿಂತ ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ ಮಹಾಭಾರತದ ಕಥೆ, ಆಮೇಲೆ ಮಕರ, ಹಂಸ. ಆನೆ ಸಾಲಲ್ಲಿ ಐದಾರು ಆನೆ ಆರಿಸ್ಕೊಂಡು ಬಿಡಿಸಿ ನೋಡಿ, ಚೆನ್ನಾಗಿ ಬರ್ಬೇಕು ಅಂತೇನಿಲ್ಲ, ನನ್ ಆನೆಗಳು ಹಂದಿ ಥರಾನೇ ಇರುತ್ತೆ. ಬಿಡಿಸೋದು ಯಾಕಂದ್ರೆ ಬಿಡಿಸ್ದಾಗ ಮಾತ್ರ ಕಣ್ಣಿಗೆ ಬೀಳುತ್ತೆ, ಒಂದು ಆನೆ ಇದ್ದಂಗೆ ಇನ್ನೊಂದು ಇಲ್ಲ, ಒಂದರ ಸೊಂಡಿಲು ಮುಂದಿನದರ ಬಾಲದ ಹತ್ರ, ಒಂದರ ಮೇಲಿನ ಮಾವುತ ಹಿಂದೆ ತಿರುಗಿ ಕೂತಿದಾನೆ. ಫೋಟೋ ಹೊಡ್ಕೊಂಡು ಬಂದಾಗ ನಂಗೆ ಇದ್ಯಾವ್ದೂ ಕಂಡಿರ್ಲಿಲ್ಲ.

ಬಿಸಿಲು ನೆತ್ತಿ ಮೇಲಿದ್ದಾಗ ಹೋಗ್ಬೇಡಿ, ಕೆತ್ತನೆಯ ಆಳ ಕಾಣೋದು ಬೆಳಕು ಓರೆಯಾಗಿ ಬೀಳೋವಾಗ, ಬೆಳಗ್ಗೆ ಒಂಬತ್ತರೊಳಗೆ, ಇಲ್ಲಾ ಸಂಜೆ ನಾಲ್ಕರ ಮೇಲೆ. ಕಲ್ಲು ಬಳಪದ ಕಲ್ಲು, ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದು ಬರ್ತಾ ಬರ್ತಾ ಗಟ್ಟಿಯಾಗೋದು, ಅದಕ್ಕೇ ಸರದ ಮಣಿ ಮಣಿನೂ ಬಿಡಿಸೋಕಾಗಿರೋದು. ಬೇಲೂರು ಚೆನ್ನಕೇಶವ 1117ರದ್ದು, ವಿಷ್ಣುವರ್ಧನ ಕಟ್ಟಿಸಿದ್ದು, ಅಲ್ಲಿ ಮದನಿಕೆಯರ ಕೆಳಗೆ ಶಿಲ್ಪಿಗಳ ಹೆಸರು ಹುಡುಕಿ, ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ, ಹೆಸರಿನ ಜೊತೆ ಬಿರುದೂ ಕೆತ್ಕೊಂಡಿದಾರೆ. ಒಂಬೈನೂರು ವರ್ಷದ ಹಿಂದೆ ಕೆಲಸ ಮಾಡಿದೋರು ಹೆಸರು ಹಾಕ್ಕೊಂಡಿದಾರೆ, ನಮ್ ರಿಲೀಸ್ ನೋಟ್ಸಲ್ಲಿ (ಹೊಸ ವರ್ಷನ್ ಜೊತೆ ಏನೇನ್ ಬದಲಾಯ್ತು ಅಂತ ಬರೆಯೋದು) "ಬಗ್ ಸರಿಪಡಿಸಲಾಗಿದೆ" ಅಷ್ಟೇ, ಸರಿಪಡಿಸಿದ ಹುಡುಗಿ ಹೆಸರು ಇರಲ್ಲ. ಆ ಭಾನುವಾರದ ಮೇಲೆ ನಾನು ನಮ್ ಟೀಮ್ ಒಳಗಿನ ನೋಟ್ಸಲ್ಲಿ ಹೆಸರು ಹಾಕೋಕೆ ಶುರು ಮಾಡಿದೆ, ಹವ್ಯಾಸದಿಂದ ಆಫೀಸಿಗೆ ಆದ ಲಾಭ ಇದೊಂದೇ, ಇನ್ನೇನೂ ಕೇಳ್ಬೇಡಿ.

ಜನಜಂಗುಳಿ ಆಗಲ್ಲ ಅನ್ನೋರು ಚಿಕ್ಕ ದೇವಸ್ಥಾನಗಳಿಗೆ ಹೋಗಿ. ಹಾಸನದಿಂದ ಬೇಲೂರು ರಸ್ತೇಲಿ ದೊಡ್ಡಗದ್ದವಳ್ಳಿ ಲಕ್ಷ್ಮೀದೇವಿ ದೇವಸ್ಥಾನ, ನಾಲ್ಕು ಗರ್ಭಗುಡಿ, ಕೆರೆ ದಂಡೆ, ಕಾಳಿ ಗುಡಿ ಮುಂದೆ ಎಲುಬು ಕಾಣೋ ಬೇತಾಳಗಳು, ಮಕ್ಕಳು ಹೆದರ್ತಾರೆ ನಾನೂ ಮೊದ್ಲ ಸಲ ಹೆದರಿದ್ದೆ. ಹಾಸನದ ಹತ್ರಾನೇ ಕೋರವಂಗಲದ ಬೂಚೇಶ್ವರ, ಎರಡನೇ ವೀರಬಲ್ಲಾಳನ ಪಟ್ಟಾಭಿಷೇಕದ ಕಾಲದ್ದು, 1173. ಮೊಸಳೆ ಊರಲ್ಲಿ ಅವಳಿ ದೇವಸ್ಥಾನ. ಹಳೇಬೀಡಿನ ಹತ್ರ, ಚಿಕ್ಕಮಗಳೂರು ಜಾವಗಲ್ ರಸ್ತೇಲಿ ಬೆಳವಾಡಿ ವೀರನಾರಾಯಣ, ಅಲ್ಲಿನ ಕಂಬಗಳು ಕನ್ನಡಿ ಥರ ಹೊಳೆಯುತ್ತೆ, ಕಂಬ ಬಿಡಿಸೋಕೆ ಹೋದ್ರೆ ನಿಮ್ ಮುಖಾನೇ ಕಾಣುತ್ತೆ. ಬಾಗ್ಲು ಹಾಕಿದ್ರೆ ಪಕ್ಕದ ಮನೇಲಿ ಕೇಳಿ, ಬೀಗದ ಕೈ ಯಾರ ಹತ್ರ ಇದೆ ಅಂತ ಹೇಳ್ತಾರೆ, ಕಾಫಿನೂ ಕೊಡ್ತಾರೆ ಕೆಲವು ಕಡೆ.

ಬೆಟ್ಟ ಹತ್ತೋದರ ಬಗ್ಗೆ ಜಾಸ್ತಿ ಹೇಳಲ್ಲ. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಬೆಟ್ಟ, 1,930 ಮೀಟರ್ ಹತ್ರ, ವೀಕೆಂಡಲ್ಲಿ ಅಲ್ಲಿಗೆ ಹೋದ್ರೆ ಬೆಂಗ್ಳೂರಿನ ಸಿಗ್ನಲ್ಲೇ ವಾಸಿ ಅನ್ಸುತ್ತೆ, ವಾರದ ಮಧ್ಯ ಒಂದು ರಜೆ ಹಾಕಿ ಹೋಗಿ. ಹಕ್ಕಿ ನೋಡೋರಿಗೆ ಎಲ್ಲೂ ಹೋಗೋದೇ ಬೇಡ, ಕಾಫಿ ತೋಟದ ನೆರಳಿನ ಮರಗಳಲ್ಲೇ ಮಂಗಟ್ಟೆ, ಭೀಮರಾಜ ಎಲ್ಲಾ ಸಿಗುತ್ತೆ, ಮಳೆ ಹಿಡಿದ್ಮೇಲೆ ಬೆಳಕು ಹರಿಯೋಕ್ ಮುಂಚೆ ಹಳ್ಳದ ಕಡೆಯಿಂದ ಸಿಳ್ಳಾರ ಕೂಗೋದು ಕೇಳಿ, ಅರ್ಧಂಬರ್ಧ ಹಾಡು ಗೊತ್ತಿರೋ ಹುಡುಗ ಸ್ಕೂಲಿಗೆ ಹೋಗ್ತಾ ಸಿಳ್ಳೆ ಹಾಕಿದಂಗೇ ಇರುತ್ತೆ. ಎಷ್ಟು ಜಾತಿ ನೋಡ್ದೆ ಅಂತ ಲೆಕ್ಕ ಇಡ್ಬೇಡಿ ಅಂತ ಹೇಳ್ಬೇಕು ಅನ್ಕೊಂಡೆ, ಆದ್ರೆ ಹಕ್ಕಿ ನೋಡೋರ ಲೆಕ್ಕ ಎಷ್ಟೋ ಸಲ ವಿಜ್ಞಾನಿಗಳಿಗೂ ಬೇಕಾಗುತ್ತೆ, ಹಂಗಾಗಿ ಅದೊಂದಕ್ಕೆ ಮಾಫಿ.

ಟೈಮ್ ಎಲ್ಲಿಂದ ತರೋದು ಅಂತ ಕೇಳೋರಿಗೆ: ಕ್ಯಾಲೆಂಡರಲ್ಲಿ ಶನಿವಾರ ಏಳರಿಂದ ಎಂಟು ಬ್ಲಾಕ್ ಮಾಡಿ, ಹೆಸರು ಏನೂ ಹಾಕ್ಬೇಡಿ. ಟೀಮಿಗೆ ನಿಜ ಹೇಳ್ಬಿಡಿ, ಬಾಣಲೆ ಮುಂದೆ ಇರ್ತೀನಿ ಫೋನ್ ಎತ್ತಲ್ಲ ಅಂತ. ನಾನು ಹೇಳಿದ್ಮೇಲೆ ಒಬ್ಬ ಎಂಜಿನಿಯರ್ ಅವನ ತಬಲಾ ಕ್ಲಾಸ್ ಬಗ್ಗೆ ಮೊದಲ ಸಲ ಬಾಯಿ ಬಿಟ್ಟ, ಮೂರು ವರ್ಷದಿಂದ ಗುರುವಾರ ಸಂಜೆ "ಡಾಕ್ಟರ್ ಅಪಾಯಿಂಟ್‌ಮೆಂಟ್" ಅಂತ ಹಾಕ್ತಿದ್ದ ಪಾಪ.

ಕೊನೇದಾಗಿ ಮಳೆಗಾಲದ ವಿಷ್ಯ, ಇದನ್ನ ಬಹಳ ಜನ ಮರೀತಾರೆ. ಹಸಿ ಬೀಜ ವರ್ಷಗಟ್ಲೆ ಇಡ್ಬಹುದು ಅಂತ ಬೆಂಗ್ಳೂರಲ್ಲಿ ಕೂತೋರು ಹೇಳ್ತಾರೆ, ನಮ್ ಕಡೆ ಜೂನ್ ಜುಲೈ ತಿಂಗಳಲ್ಲಿ ಬೀಜ ಗೋಣಿಚೀಲದಲ್ಲಿ ಬಿಟ್ರೆ ತೇವ ಎಳ್ಕೊಂಡು ಬಣ್ಣ ಬಿಟ್ಟು ಬೂಷ್ಟು ಹಿಡಿಯುತ್ತೆ. ಮೇ ಕೊನೇಲಿ ಒಂದು ಒಳ್ಳೇ ಬಿಸಿಲು ನೋಡ್ಕೊಂಡು ನೆರಳಲ್ಲಿ ಗಾಳಿಗೆ ಹರಡಿ, ಹಲ್ಲಲ್ಲಿ ಕಚ್ಚಿ ನೋಡಿ, ಟಕ್ ಅಂತ ಗಟ್ಟಿಯಿರ್ಬೇಕು, ಹಲ್ಲಿನ ಗುರುತು ಬೀಳ್ಬಾರ್ದು. ಆಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ ಅಟ್ಟದ ಮೇಲಲ್ಲ, ಒಲೆ ಪಕ್ಕದ ಶೆಲ್ಫಲ್ಲಿ ಇಡಿ. ಹುರಿದಾಗ ಉದುರೋ ಸಿಪ್ಪೆ ದಾಸವಾಳದ ಬುಡಕ್ಕೆ ಹಾಕಿ. ನಮ್ಮನೇಲಿ ಈಗ ಉಳಿದಿರೋದು ಮುಕ್ಕಾಲು ಕೆಜಿ ರೋಬಸ್ಟಾ ಅಷ್ಟೇ, ಪಿಬಿ ಮುಗೀತು, ಅತ್ತೆಗೆ ಫೋನ್ ಮಾಡ್ಬೇಕು.